ಮುರಾನೋದಲ್ಲಿ ಮೂರು ವಾರ ಕಲಿತು ಬಂದರೆ ಮನೆಯಲ್ಲೇ ಗಾಜಿನ ಶಿಲ್ಪ ಮಾಡಬಹುದಾ?

ನೀವು ಮಣ್ಣಿನಲ್ಲಿ ಗೂಳಿ ಮಾಡುವವರು. ಮೂರು ವಾರ ಕಲಿತು ಬಂದು, ಮನೆಯಲ್ಲೇ ಚಿಕ್ಕ ಕುಲುಮೆ ಹಾಕಿ, ಒಬ್ಬರೇ ಅದನ್ನು ಗಾಜಿನಲ್ಲಿ ಮಾಡಬೇಕು ಅನ್ನುತ್ತೀರಿ. ನಾನೂ ಹೀಗೇ ಅಂದುಕೊಂಡಿದ್ದೆ. ನಂದು ಆನೆ.

ಆಗ ಇಟಲಿಯ ಪಾದುವಾದಲ್ಲಿ ಓದುತ್ತಿದ್ದೆ. ಶನಿವಾರ ಬಂದರೆ ವೆನಿಸ್‌ವರೆಗೆ ರೈಲು, ಆಮೇಲೆ ದೋಣಿ. ಊರಿಗೆ ಬೆಂಕಿ ಬಿದ್ದೀತು ಅಂತ 1291ರಲ್ಲಿ ವೆನಿಸ್‌ನವರು ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ದ್ವೀಪಕ್ಕೆ ಕಳಿಸಿದ್ದರು, ಇವತ್ತಿಗೂ ಅಲ್ಲೇ ಇವೆ. ಅಂಥದ್ದೊಂದು ಕುಲುಮೆಯಲ್ಲಿ ದುಡ್ಡು ಕೊಟ್ಟು ಕಲಿಯುತ್ತಿದ್ದೆ. ಅಲ್ಲಿ ಯಾರೂ ಒಂಟಿಯಾಗಿ ಕೆಲಸ ಮಾಡೋದಿಲ್ಲ. ಮಾಯೆಸ್ತ್ರೋ, ಅಂದರೆ ಗುರುಗಳು, ಬೆಂಚಿನ ಮೇಲೆ, ಕರಗಿದ ಗಾಜನ್ನು ಸಲಾಕೆಗೆ ಸುತ್ತಿ ತಂದುಕೊಡೋಕೆ ಸೆರ್ವೆಂತೆ ಅನ್ನೋ ಸಹಾಯಕ, ಬಾಗಿಲು ತೆಗೆದು ಹಾಕೋಕೆ ಒಬ್ಬ ಹುಡುಗ. ಸಾವಿರ ಡಿಗ್ರಿ ದಾಟಿದ ಗಾಜು ಜೇನುತುಪ್ಪದ ಥರ ಇಳಿಯುತ್ತಿರುತ್ತದೆ, ಸಲಾಕೆ ತಿರುಗಿಸುತ್ತಲೇ ಇರಬೇಕು. ಇಕ್ಕಳದಲ್ಲಿ ಎಳೆದರೆ ಕಾಲು, ಚಿವುಟಿದರೆ ಕಿವಿ. ಎರಡೇ ನಿಮಿಷದಲ್ಲಿ ಕುದುರೆ ಎದ್ದು ನಿಲ್ಲುತ್ತದೆ.

ಮುರಾನೋದ ಗಾಜಿನ ಕಲಾವಿದ ಆಲ್ಫ್ರೆಡೋ ಬಾರ್ಬಿನಿ ಹೀಗೆ ಬಿಸಿ ಇರುವಾಗಲೇ ಗಟ್ಟಿ ಗಾಜಿನಲ್ಲಿ ಮಾಡಿದ ಶಿಲ್ಪಗಳನ್ನು ನೋಡಿ ನನಗೆ ಹುಚ್ಚು ಹಿಡಿದಿತ್ತು. ಅಪ್ಪನ ಅರವತ್ತರ ಶಾಂತಿಗೆ ಒಂದು ಆನೆ ಮಾಡಿಕೊಂಡು ಹೋಗಬೇಕು ಅಂತ ಹಟ ಹಿಡಿದೆ. ಗುರುಗಳು ಒಪ್ಪಿದರು. ಇಡೀ ತಂಡ ನನಗೋಸ್ಕರ ಅರ್ಧ ದಿನ ನಿಂತಿತು. ಆನೆ ಚೆನ್ನಾಗೇ ಬಂತು, ಹೊಟ್ಟೆ ನನ್ನ ಮುಷ್ಟಿಗಿಂತ ದಪ್ಪ. ತಣಿಸುವ ಒಲೆಗೆ ಇಟ್ಟು, ನಾಲ್ಕು ದಿನ ಬಾಗಿಲು ಮುಟ್ಟಬೇಡ ಅಂದರು.

ಮೂರನೇ ದಿನ ನನಗೆ ವಿಮಾನ. ಮೀಟರ್ 190 ಡಿಗ್ರಿ ತೋರಿಸುತ್ತಿತ್ತು. 500ಕ್ಕೇ ಗಟ್ಟಿಯಾದ ಗಾಜು, ಇನ್ನೇನಾಗುತ್ತದೆ ಅಂತ ಕೈಗವಸು ಹಾಕಿಕೊಂಡು ಹೊರಗೆ ತೆಗೆದೆ. ಟಣ್ ಅಂತ ಒಂದೇ ಸದ್ದು. ಹೊಟ್ಟೆಯ ನಡುವೆ ಎರಡು ಹೋಳು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೂರು ವಾರದಲ್ಲಿ ಇದು ತಲೆಗೆ ಇಳಿಯೋದಿಲ್ಲ. 500 ಡಿಗ್ರಿ ಹತ್ತಿರ ಗಾಜು ಗಟ್ಟಿ ಕಂಡರೂ ಒಳಗಿನ ಬಿಗಿ ಇನ್ನೂ ಸಡಿಲಾಗುತ್ತಿರುತ್ತದೆ, ಅದಕ್ಕೇ ಅಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಅಲ್ಲಿಂದ ಕೆಳಗೆ ಬಂದ ಮೇಲೆ ಗಾಜು ಬಾಗೋದಿಲ್ಲ, ತಡೆದುಕೊಳ್ಳಬೇಕು, ಇಲ್ಲಾ ಒಡೆಯಬೇಕು. ತಣ್ಣನೆ ಗಾಳಿ ತಾಗಿದರೆ ಹೊರಮೈ ಕುಗ್ಗೋಕೆ ನೋಡುತ್ತದೆ, ಒಳಗಿನ ಬಿಸಿ ಬಿಡೋದಿಲ್ಲ, ಆ ಎಳೆದಾಟದಲ್ಲಿ ಬಿರುಕು ಬೀಳುತ್ತದೆ. ದಪ್ಪ ಎರಡರಷ್ಟಾದರೆ ತಣಿಸೋ ಸಮಯ ಹೆಚ್ಚುಕಮ್ಮಿ ನಾಲ್ಕರಷ್ಟು. ತೆಳು ಲೋಟಕ್ಕೆ ಒಂದು ರಾತ್ರಿ ಸಾಕು, ನನ್ನ ಆನೆಗೆ ಇನ್ನೊಂದು ದಿನ ಬೇಕಿತ್ತು. ಟಿಕೆಟ್ ಮುಂದಕ್ಕೆ ಹಾಕಿದ್ದರೆ ಆಗುತ್ತಿತ್ತು ಅಲ್ವಾ? ಗುರುಗಳು ಬೈಯಲಿಲ್ಲ. ಸೊಂಡಿಲಿನ ಕಡೆಯ ಹೋಳನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಅಪ್ಪನ ಶಾಂತಿಗೆ ಬರಿಗೈಯಲ್ಲಿ ಹೋದೆ.

ಹಾಗಾಗಿ ನನ್ನ ಮಾತು ಕೇಳಿ, ಮನೆಯಲ್ಲಿ ಗಾಜು ಊದೋ ಕುಲುಮೆ ಬೇಡವೇ ಬೇಡ. ಅದು ಹಗಲು ರಾತ್ರಿ ಉರಿಯುತ್ತಿರಬೇಕು, ಜೊತೆಗೆ ಪಳಗಿದ ಜನ ಬೇಕು. ಮುರಾನೋದ ಹೆಸರಾಂತ ಮಾಯೆಸ್ತ್ರೋ ಲೀನೋ ತಾಲ್ಯಾಪಿಯೆತ್ರಾ ಆ ಕೆಲಸಕ್ಕೆ ಸೇರಿದ್ದು 11ನೇ ವಯಸ್ಸಿಗೆ. ನಿಜ ಹೇಳಬೇಕೆಂದರೆ ನಿಮಗೆ ಮುರಾನೋನೇ ಬೇಕಿಲ್ಲ. ಗಾಜಿನ ಶಿಲ್ಪ ಮಾಡುತ್ತಿದ್ದ ಜೆಕ್ ದೇಶದ ಲಿಬೆನ್ಸ್ಕಿ ಮತ್ತು ಬ್ರಿಖ್ತೋವಾ ದಂಪತಿ ನೋಡಿ. ಗಂಡ ಲಿಬೆನ್ಸ್ಕಿ ಚಿತ್ರ ಬರೆಯುತ್ತಿದ್ದರು, ಹೆಂಡತಿ ಬ್ರಿಖ್ತೋವಾ ಅದನ್ನು ಮಣ್ಣಿನಲ್ಲಿ ಮಾಡುತ್ತಿದ್ದರು, ಆಮೇಲೆ ಅಚ್ಚು ತೆಗೆದು ಅದರಲ್ಲಿ ಗಾಜು ಕರಗಿಸುತ್ತಿದ್ದರು. ಮಣ್ಣು ನಿಮ್ಮ ಕೈಗೆ ಆಗಲೇ ಬರುತ್ತದೆ. ನಿಮಗೆ ಬೇಕಿರೋದು ಉಷ್ಣತೆಯನ್ನು ಗಂಟೆಗೆ ಇಷ್ಟೇ ಡಿಗ್ರಿ ಅಂತ ಇಳಿಸೋ ಕಂಟ್ರೋಲರ್ ಇರುವ ಒಂದು ಕರೆಂಟ್ ಒಲೆ. ಕರಗಿಸೋಕೂ ಅದೇ, ತಣಿಸೋಕೂ ಅದೇ. ದುಡ್ಡು ಅದಕ್ಕೆ ಹಾಕಿ.

ನಿಮ್ಮ ಗೂಳಿಯ ಹಿಣಿಲು ಇರುವ ಕಡೆ ಎಷ್ಟು ದಪ್ಪ ಇದೆ, ಸೆಂಟಿಮೀಟರ್‌ನಲ್ಲಿ ಅಳೆದು ಬರೆಯಿರಿ. ಎಷ್ಟು ದಿನ ತಣಿಸಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.