ಮೂರು ಸಂಪುಟಗಳ ಯುದ್ಧಕಥನ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧವನ್ನು ಕುರಿತು ಶೆಲ್ಬಿ ಫೂಟ್ ಮೂರು ಸಂಪುಟಗಳಲ್ಲಿ ಬರೆದಿರುವ ಕಥನವನ್ನು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕೊಂಡುತಂದೆ. ಮೊದಲ ಸಂಪುಟದ ಅರ್ಧ ದಾಟುವಷ್ಟರಲ್ಲೇ ಸೇನಾನಿಗಳ ಹೆಸರುಗಳು ಕಲಸುಮೇಲೋಗರವಾಗಿವೆ. ಅಡಿಟಿಪ್ಪಣಿಗಳೂ ಇಲ್ಲ. ಇದನ್ನು ಇತಿಹಾಸವೆಂದು ನಂಬಿ ಮುಂದುವರಿಯಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಖಂಡಿತ ಮುಂದುವರಿಯಿರಿ, ಆದರೆ ಓದುವ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಿ. ಕುಮಾರವ್ಯಾಸ ಭಾರತದ ಗಮಕ ಕೇಳುವವರು ಹನ್ನೊಂದು ಅಕ್ಷೌಹಿಣಿಯ ಅರಸರನ್ನೆಲ್ಲ ಬಾಯಿಪಾಠ ಮಾಡುವುದಿಲ್ಲ. ಉತ್ತರದ ಪಾಳೆಯದ ಅಧ್ಯಕ್ಷ ಲಿಂಕನ್, ಸೇನಾನಿಗಳಾದ ಗ್ರ್ಯಾಂಟ್ ಮತ್ತು ಶೆರ್ಮನ್, ದಕ್ಷಿಣದ ಅಧ್ಯಕ್ಷ ಡೇವಿಸ್, ಸೇನಾನಿ ಲೀ ಇಷ್ಟು ಜನರ ಬೆನ್ನು ಬಿಡದಿದ್ದರೆ ಸಾಕು. ದಕ್ಷಿಣದ ಪಾಳೆಯದಲ್ಲಿ ಜಾನ್‌ಸ್ಟನ್ ಎಂಬ ಹೆಸರಿನ ಇಬ್ಬರು ಪ್ರಮುಖ ಸೇನಾನಿಗಳಿರುವುದು ಯಾರನ್ನಾದರೂ ದಾರಿ ತಪ್ಪಿಸುತ್ತದೆ; ಆಲ್ಬರ್ಟ್ ಸಿಡ್ನಿ 1862ರ ಏಪ್ರಿಲ್‌ನಲ್ಲಿ ಶೈಲೋ ಕದನದಲ್ಲಿ ಸಾಯುವುದರಿಂದ, ಅಲ್ಲಿಂದಾಚೆಗೆ ಸೈನ್ಯ ನಡೆಸುವ ಜಾನ್‌ಸ್ಟನ್ ಎಂದರೆ ಜೋಸೆಫ್ ಎಂದೇ ತಿಳಿಯಿರಿ.

ವರ್ಜೀನಿಯಾ ಮತ್ತು ಮಿಸಿಸಿಪ್ಪಿ ನದಿ ಎರಡೂ ಕಾಣುವ ನಕ್ಷೆಯೊಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅದರ ಬೆಲೆ ಗೊತ್ತಾಗುವುದು ಎರಡನೆಯ ಸಂಪುಟದಲ್ಲಿ. ನನ್ನ ದೃಷ್ಟಿಯಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ದಕ್ಷಿಣದವರ ಕೈಯಲ್ಲಿದ್ದ ವಿಕ್ಸ್‌ಬರ್ಗ್ ಮುತ್ತಿಗೆಯ ಅಧ್ಯಾಯವೇ ಇಡೀ ಕೃತಿಯ ತಿರುಳು. 1863ರ ಮೇ ತಿಂಗಳಲ್ಲಿ ಗ್ರ್ಯಾಂಟ್ ಪಡೆ ಆ ಊರನ್ನು ಸುತ್ತುಗಟ್ಟಿದಾಗ, ಫಿರಂಗಿ ಗುಂಡುಗಳಿಗೆ ಹೆದರಿದ ಜನ ದಿಣ್ಣೆಗಳ ಮಣ್ಣು ಕೊರೆದು ಗವಿಗಳಲ್ಲಿ ಸಂಸಾರ ಹೂಡಿದರು. ದವಸ ತೀರುತ್ತ ಬಂದಂತೆ ಹೇಸರಗತ್ತೆಯ ಮಾಂಸಕ್ಕೂ ಕೈಚಾಚಿದರು. ಜುಲೈ 4ರಂದು ಊರು ಶರಣಾಯಿತು. ಅದರ ಹಿಂದಿನ ದಿನವಷ್ಟೇ, ದೂರದ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ಲೀ ಸೋತಿದ್ದರು.

ಇನ್ನು ನಂಬಿಕೆಯ ಮಾತು. ಫೂಟ್ ಮೂಲತಃ ಕಾದಂಬರಿಕಾರರು. ಕಾದಂಬರಿಯ ವಿಧಾನವನ್ನು ಬಳಸಿದರೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯವನ್ನು ತೆಗೆದುಕೊಂಡಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಕದನಗಳ ವಿವರದ ಮಟ್ಟಿಗೆ ನೀವು ಅವರನ್ನು ಬಹುಪಾಲು ನೆಚ್ಚಬಹುದು. ಕೊರತೆಯಿರುವುದು ಯುದ್ಧದ ಕಾರಣವಾದ ಗುಲಾಮಗಿರಿಯ ವಿಷಯದಲ್ಲಿ. 1860ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 40 ಲಕ್ಷ ಜನ. ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಸೇವೆ ಸಲ್ಲಿಸಿದರು. ಮೂರು ಸಾವಿರ ಪುಟಗಳಷ್ಟು ಬರೆದವರು ಇವರಿಗೆ ಕೊಟ್ಟ ಜಾಗ ತೀರ ಕಡಿಮೆ. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಲೇಖಕರು, ಗುಲಾಮರ ವ್ಯಾಪಾರ ಮಾಡಿ ಹಣ ಗಳಿಸಿದ್ದ ದಕ್ಷಿಣದ ಸೇನಾನಿ ಫಾರೆಸ್ಟ್‌ನ ರಣಚಾತುರ್ಯವನ್ನು ಕೊಂಡಾಡುವಾಗ ಓದುಗರು ಎಚ್ಚರವಾಗಿರಬೇಕು. 1864ರ ಏಪ್ರಿಲ್‌ನಲ್ಲಿ ಫೋರ್ಟ್ ಪಿಲ್ಲೋದಲ್ಲಿ, ಶರಣಾಗಲು ಮುಂದಾದ ಕಪ್ಪು ಸೈನಿಕರನ್ನು ಕೊಂದದ್ದು ಅವನ ಪಡೆಯೇ. ಆ ಘಟನೆ ಬರುವ ಮೂರನೆಯ ಸಂಪುಟಕ್ಕೆ ಕೈ ಹಾಕುವ ಮೊದಲು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಓದಿಕೊಳ್ಳಿ. ಅದು ಚಿಕ್ಕ ಪುಸ್ತಕ, ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.