ಅರ್ಧ ವರ್ಷ ಒಣಗಿರುವ ಕಛ್‌ನ ರಣ್ ಹಕ್ಕಿಗಳಿಗೇಕೆ ಬೇಕು?

ಪ್ರಶ್ನೆ: ಐರೋಲಿಯ ನಮ್ಮ ಮನೆಯ ಹತ್ತಿರ ಥಾಣೆ ಖಾಡಿಗೆ (ನೆಲದೊಳಕ್ಕೆ ಚಾಚಿದ ಸಮುದ್ರದ ಕವಲಿಗೆ) ಪ್ರತಿ ಚಳಿಗಾಲ ಫ್ಲೆಮಿಂಗೊಗಳು ಬರುತ್ತವೆ. ಅವುಗಳಲ್ಲಿ ಬಹಳಷ್ಟು ಗುಜರಾತಿನ ಕಛ್‌ನ ರಣ್ ಎಂಬ ಉಪ್ಪಿನ ಬಯಲಿನಿಂದ ಬಂದವು ಎನ್ನುತ್ತಾರೆ. ಆದರೆ ಮಾರ್ಚ್‌ನಲ್ಲಿ ಅಲ್ಲಿಗೆ ಹೋದಾಗ ಕಂಡದ್ದು ಬಿರಿದ ನೆಲ ಮತ್ತು ಬಿಳಿ ಉಪ್ಪು ಮಾತ್ರ. ಅಲ್ಲಿ ವರ್ಷವಿಡೀ ನೀರು ನಿಲ್ಲುವಂತೆ ಮಾಡಿದರೆ ಹಕ್ಕಿಗಳಿಗೆ ಒಳ್ಳೆಯದಲ್ಲವೇ?
– ಓದುಗರೊಬ್ಬರು, ನವಿ ಮುಂಬೈ

ಉತ್ತರ: ಒಳ್ಳೆಯದಲ್ಲ. ಒಣಗುವುದೇ ಆ ನೆಲದ ಸಮೃದ್ಧಿಗೆ ಕಾರಣ. ಮುಂಗಾರಿನಲ್ಲಿ ಮಳೆಯ ನೀರು, ರಾಜಸ್ಥಾನದ ಕಡೆಯಿಂದ ಬರುವ ಲೂಣಿ ನದಿಯ ನೀರು ಮತ್ತು ನೈಋತ್ಯದ ಗಾಳಿ ಒಳಕ್ಕೆ ತಳ್ಳುವ ಸಮುದ್ರದ ನೀರು ಸೇರಿ, ನೀವು ನಡೆದಾಡಿದ ಅದೇ ಬಯಲು ಆಳವಿಲ್ಲದ ವಿಶಾಲ ಜವುಗಾಗುತ್ತದೆ. ವರ್ಷವಿಡೀ ನೀರಿದ್ದರೆ ಮೀನುಗಳು ನೆಲೆಯೂರಿ, ಹಕ್ಕಿಗಳ ಪಾಲಿನ ಸೂಕ್ಷ್ಮ ಜೀವಿಗಳನ್ನು ತಾವೇ ತಿಂದುಬಿಡುತ್ತವೆ. ಒಣಗಿ ಉಪ್ಪುಗಟ್ಟುವ ಕಡೆ ಮೀನು ಉಳಿಯುವುದು ಕಷ್ಟ. ಇಂಥ ಉಪ್ಪು ಸರೋವರಗಳಲ್ಲಿ ಬದುಕುವ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮೊಟ್ಟೆ ಸಾಸಿವೆ ಕಾಳಿಗಿಂತಲೂ ಎಷ್ಟೋ ಚಿಕ್ಕದು. ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುವ ಅದು, ತಕ್ಕ ನೀರು ಸೋಕಿದ ಒಂದೆರಡು ದಿನಗಳಲ್ಲೇ ಒಡೆದು ಮರಿಯಾಗುತ್ತದೆ. ದೊಡ್ಡ ಫ್ಲೆಮಿಂಗೊ ಎಂಬ ಜಾತಿ ಇಂಥ ಜೀವಿಗಳನ್ನು ತಿಂದರೆ, ಕಿರು ಫ್ಲೆಮಿಂಗೊ ಎಂಬ ಇನ್ನೊಂದು ಜಾತಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ ನೀಲಿ-ಹಸಿರು ಪಾಚಿಯನ್ನು ಸೋಸಿ ತಿನ್ನುತ್ತದೆ. ಅವುಗಳ ಗುಲಾಬಿ ಬಣ್ಣವೂ ಈ ಆಹಾರದಿಂದಲೇ ಬರುತ್ತದೆ.

ಗೂಡಿನ ವಿಷಯ ಇನ್ನೂ ಸೂಕ್ಷ್ಮ. ನೀರಿನ ನಡುವೆ ಕೆಸರನ್ನು ಗುಪ್ಪೆಯಾಗಿ ಕಟ್ಟಿ, ಅದರ ತುದಿಯ ತಗ್ಗಿನಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತವೆ. ಸುತ್ತಲೂ ನೀರಿರುವವರೆಗೆ ನರಿ, ನಾಯಿಗಳು ಹತ್ತಿರ ಸುಳಿಯಲಾರವು. ಮೊಟ್ಟೆಯೊಡೆಯಲು ಸುಮಾರು ನಾಲ್ಕು ವಾರ, ಮರಿ ಹಾರಲು ಮತ್ತೆ ಎರಡೂವರೆ ತಿಂಗಳು ಬೇಕು. ಅಷ್ಟರೊಳಗೆ ನೀರು ಬತ್ತಿದರೆ ಆ ವರ್ಷದ ಸಂತಾನವೇ ಕೈತಪ್ಪಬಹುದು. ಆದ್ದರಿಂದ ನಿಜವಾದ ಅಪಾಯವಿರುವುದು ಬೇಸಿಗೆಯ ಒಣಗುವಿಕೆಯಲ್ಲಲ್ಲ, ಮಳೆಗಾಲದ ಹರಿವನ್ನು ಮೇಲೆಯೇ ತಡೆಯುವುದರಲ್ಲಿ. 1990ರಲ್ಲೇ ರಾಮ್‌ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜವುಗು ನೆಲಗಳ ಪಟ್ಟಿಗೆ) ಸೇರಿದ ರಾಜಸ್ಥಾನದ ಸಾಂಭರ್ ಸರೋವರ ಇದಕ್ಕೆ ನೋವಿನ ಉದಾಹರಣೆ; ಅದಕ್ಕೆ ನೀರು ತರುವ ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ಅದರ ಪಾಲಿನ ನೀರನ್ನು ಕಸಿದಿವೆ. ಕಛ್‌ನ ರಣ್‌ನ ಭಾಗವಾದ ಚಿಕ್ಕ ರಣ್‌ನ ಕಾಡುಕತ್ತೆಗಳೂ ಈ ಏರಿಳಿತಕ್ಕೆ ಒಗ್ಗಿದವು: ಮಳೆಗಾಲದಲ್ಲಿ ಬೇಟ್ ಎಂಬ ದಿಬ್ಬಗಳನ್ನೇರಿ ಅಲ್ಲಿಯ ಹುಲ್ಲು ಮೇಯುತ್ತವೆ.

ಥಾಣೆ ಖಾಡಿಗೆ 2022ರಲ್ಲಿ ರಾಮ್‌ಸಾರ್ ಮನ್ನಣೆ ಸಿಕ್ಕಿರುವುದು ಸಂತೋಷದ ಸಂಗತಿ. ಆದರೆ ಫ್ಲೆಮಿಂಗೊಗಳು ಅಲ್ಲಿಗೆ ಬರುವುದು ಮೇಯಲು. ಗೂಡು ಕಟ್ಟುವುದು ರಣ್‌ನಂಥ ಕಡೆ. ಮುಂದಿನ ಫೆಬ್ರುವರಿಯಲ್ಲಿ ಗುಂಪಿನೊಳಗಿನ ಬೂದು ಬಣ್ಣದ ಹಕ್ಕಿಗಳನ್ನು ಗಮನಿಸಿ, ಅವು ಇನ್ನೂ ಗುಲಾಬಿಗೆ ತಿರುಗದ ಎಳೆಯವು. ಅವು ತೀರಾ ವಿರಳವಾಗಿದ್ದರೆ, ಹಿಂದಿನ ಮಳೆಗಾಲಗಳಲ್ಲಿ ರಣ್‌ನ ನೀರು ಸಾಕಷ್ಟು ದಿನ ನಿಲ್ಲಲಿಲ್ಲವೇ ಎಂದು ವಿಚಾರಿಸಬೇಕಾಗುತ್ತದೆ.