ಇಗ್ವಾನಾಕ್ಕೆ ಗಾಜಿನ ತೊಟ್ಟಿ ಸಾಲದು

ಪ್ರಶ್ನೆ: ಒಂದೂವರೆ ಅಡಿಯ ಹಸಿರು ಇಗ್ವಾನಾ (ಹಲ್ಲಿ ಜಾತಿಯ ದೊಡ್ಡ ಪ್ರಾಣಿ) ಮರಿಯನ್ನು ಗಾಜಿನ ಮೀನುತೊಟ್ಟಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಮಂಕಾಗಿದೆ, ಕಾಲ್ಬೆರಳು ಅದುರುತ್ತಿವೆ. ಗೂಡು ಹೇಗಿರಬೇಕು?
– ಓದುಗರು, ಕಾರವಾರ

ಉತ್ತರ: ಬೆರಳು ಅದುರುವುದು ಕ್ಯಾಲ್ಸಿಯಂ ಕೊರತೆಯಿಂದ ಇರಬಹುದು. ಗೂಡಿನ ಕೆಲಸಕ್ಕೆ ಕಾಯದೆ ಮೊದಲು ಪಶುವೈದ್ಯರಿಗೆ ತೋರಿಸಿ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಬಿಡುವುದಿಲ್ಲ. ಆ ಕಿರಣ ಇಲ್ಲದಿದ್ದರೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು, ಮೂಳೆ ಮೆತ್ತಗಾಗುತ್ತದೆ.

ಬಾಲ ಸೇರಿ ಐದಾರು ಅಡಿ ಬೆಳೆಯುವ ಪ್ರಾಣಿ ಇದು. ಗೂಡು 6 ಅಡಿ ಉದ್ದ, 3 ಅಡಿ ಅಗಲ, 6 ಅಡಿ ಎತ್ತರ ಇರಲಿ. ಮರದ ಮೇಲೆ ಬದುಕುವ ಜೀವಿಯಾದ್ದರಿಂದ ಎತ್ತರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಚೌಕಟ್ಟಿಗೆ ಅಲ್ಯೂಮಿನಿಯಂ, ಹಿಂಬದಿಗೆ ಮರೈನ್ ಪ್ಲೈವುಡ್ (ನೀರು ತಡೆಯುವ ಪ್ಲೈವುಡ್), ಮುಂದೆ ಪಿವಿಸಿ ಹೊದಿಕೆಯ ಅರ್ಧ ಇಂಚಿನ ಜಾಲರಿ. ಬರಿಯ ತಂತಿ ಜಾಲರಿ ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ. ಕೋಳಿಗೂಡಿನ ಜಾಲರಿಯಲ್ಲಿ ಉಗುರು ಸಿಕ್ಕಿ ಕಿತ್ತುಬರುತ್ತದೆ.

ಅದರ ಮೈಯಷ್ಟೇ ದಪ್ಪದ ಪೇರಲೆ ಕೊಂಬೆಯನ್ನು ಓರೆಯಾಗಿ ಬೋಲ್ಟ್ ಹಾಕಿ ಬಿಗಿಯಿರಿ. ಹಗಲು ಬಲ್ಬಿನ ಶಾಖದಿಂದ ಕೊಂಬೆಯ ಮೇಲ್ತುದಿಯಲ್ಲಿ 35 ಡಿಗ್ರಿ, ಗೂಡಿನ ತಂಪು ಮೂಲೆಯಲ್ಲಿ 27 ಡಿಗ್ರಿ ಸೆಲ್ಸಿಯಸ್. ರಾತ್ರಿ 23ಕ್ಕಿಂತ ಕೆಳಗಿಳಿಯದಂತೆ ಬೆಳಕಿಲ್ಲದ ಸೆರಾಮಿಕ್ ಹೀಟರಿಗೆ ಥರ್ಮೋಸ್ಟಾಟ್ ಜೋಡಿಸಿ. ಬಲ್ಬಿಗೂ ಹೀಟರಿಗೂ ತಂತಿಯ ಕವಚ ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಬಿಸಿಕಲ್ಲು ತರಬೇಡಿ, ಹೊಟ್ಟೆ ಸುಟ್ಟುಹೋಗುತ್ತದೆ. ಯುವಿಬಿ ಟ್ಯೂಬ್ ಬೆನ್ನಿನಿಂದ ಸುಮಾರು 30 ಸೆಂ.ಮೀ. ಮೇಲಿರಲಿ, ನಡುವೆ ಗಾಜು, ಪ್ಲಾಸ್ಟಿಕ್ ಬೇಡ. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಬೆಳಕು ಇದ್ದಂತೆಯೇ ಕಂಡರೂ ಕಿರಣ ಕುಗ್ಗಿರುತ್ತದೆ.

ತೇವಾಂಶ ಶೇ. 65ರಿಂದ 75 ಸಾಕು. ಒಣ ಊರಿನವರು ನೀರು ಚಿಮುಕಿಸಬೇಕು. ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಗೊಡವೆಯೇ ಬೇಡ. ಒಂದು ಬದಿಯ ಕೆಳಗೆ, ಎದುರು ಬದಿಯ ಮೇಲೆ ಗಾಳಿಕಿಂಡಿ ಬಿಡಿ. ಗಾಳಿಯಾಡದಿದ್ದರೆ ಬೂಸ್ಟು ಬಂದು ಚರ್ಮದಲ್ಲಿ ಗುಳ್ಳೆ ಏಳುತ್ತದೆ. ನೆಲಕ್ಕೆ ಹಳೆ ಪತ್ರಿಕೆ ಹಾಸಿ. ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಹೊಟ್ಟೆ ಸೇರಿದರೆ ಕರುಳು ಕಟ್ಟುತ್ತದೆ.

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ಇಗ್ವಾನಾದ ನೋಂದಣಿ ಕಡ್ಡಾಯ, ಮರೆಯಬೇಡಿ.

ಪ್ರಶ್ನೆ: ಅಡಿಕೆ ದಬ್ಬೆಯಿಂದ ಅಂಗಳದಲ್ಲೇ ಗೂಡು ಕಟ್ಟಬಹುದೇ?
– ಓದುಗರು, ಶಿರಸಿ

ಉತ್ತರ: ಹಗಲಿಗೆ ಕಟ್ಟಬಹುದು, ಹೊರಗಿನ ಬಿಸಿಲಿಗೆ ಸಮನಾದ ಟ್ಯೂಬ್ ಇಲ್ಲ. ಅರ್ಧ ಭಾಗ ನೆರಳಿರಲಿ. ದಬ್ಬೆಯ ಸಿಬಿರು ಚುಚ್ಚದಂತೆ ಒಳಗಿನಿಂದ ಜಾಲರಿ ಬಡಿಯಿರಿ. ಡಿಸೆಂಬರ್ ಚಳಿಗೆ ಸಂಜೆಯೇ ಒಳಗೆ ತನ್ನಿ, ಮೈ ತಣಿದರೆ ತಿಂದದ್ದು ಜೀರ್ಣವಾಗದು. ದಾಸವಾಳದ ಎಲೆ, ಹೂವು, ನುಗ್ಗೆ ಸೊಪ್ಪು ಒಳ್ಳೆಯ ಮೇವು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಸೊಪ್ಪನ್ನೂ ಕೊಂಬೆಯನ್ನೂ ಮುಟ್ಟಿಸಬೇಡಿ.